ಷರಾ ಕಾಲಮ್ಮಿನಲ್ಲಿ ಏನು ಬರೆಯಬೇಕು?

“ಮೊನ್ನೆ ಶೂನ್ಯ ವರದಿ ಕಳಿಸಿಲ್ಲ ಅಂತ ನನಗೆ ನೋಟಿಸು ಬಂತು” ಅಂದರು ಹೆಡ್ಮಾಸ್ಟ್ರು ಬಸಪ್ಪ.

ಶನಿವಾರ ಬೆಳಗಿನ ಶಾಲೆ ಮುಗಿಸಿ ಎಲ್ಲರೂ ಬಿಆರ್‌ಸಿ, ಅಂದರೆ ತಾಲ್ಲೂಕಿನ ಶಿಕ್ಷಕರ ತರಬೇತಿ ಕೇಂದ್ರದ ಎದುರಿನ ಹೋಟೆಲ್ಲಿನಲ್ಲಿ ಕೂತಿದ್ದೆವು. ಈ ಗುಂಪಿನಲ್ಲಿ ಮೇಷ್ಟ್ರಲ್ಲದವನು ನಾನೊಬ್ಬನೇ. ಇನ್ಶೂರೆನ್ಸ್ ಮಾಡಿಸುತ್ತೇನೆ. ಪಾಲಿಸಿ ಮಾತಾಡಲು ಬಂದವನು ಹರಟೆಗೆ ಸಿಕ್ಕಿಬಿದ್ದು ಇವರಲ್ಲೊಬ್ಬನಾಗಿಬಿಟ್ಟೆ. ಪಾಲಿಸಿ ಮಾತ್ರ ಇನ್ನೂ ಯಾರೂ ಮಾಡಿಸಿಲ್ಲ.

“ಶೂನ್ಯ ವರದಿ ಅಂದರೆ ಏನು ಸಾರ್?”

“ಏನೂ ಆಗಿಲ್ಲ ಅಂತ ಬರೆದು ಕೊಡುವುದು.”

“ಏನೂ ಆಗದಿದ್ದ ಮೇಲೆ ಬರೆಯುವುದು ಏಕೆ?”

“ಬರೆಯದಿದ್ದರೆ ಆಗಿಲ್ಲ ಅಂತ ಮೇಲಿನವರಿಗೆ ಗೊತ್ತಾಗೋದು ಹೇಗೆ?” ಅಂದವರು ಸಿಆರ್‌ಪಿ ಮಂಜಣ್ಣ. ಅವರೂ ಮೂಲತಃ ಮೇಷ್ಟ್ರೇ. ಈಗ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಕ್ಲಸ್ಟರಿನ, ಅಂದರೆ ಸುತ್ತಲಿನ ಶಾಲೆಗಳಿಂದ ಮಾಹಿತಿ ವಸೂಲಿ ಮಾಡಿ ಮೇಲಕ್ಕೆ ಕಳಿಸುವ ಕೆಲಸ. ಕೆಳಗಿನವರು ಇವರನ್ನು ಬೈಯುತ್ತಾರೆ, ಮೇಲಿನವರೂ ಇವರನ್ನೇ ಬೈಯುತ್ತಾರೆ. ಹಾಗಾಗಿ ಯಾವಾಗಲೂ ಎರಡೂ ಕಡೆಯವರ ಪರವಾಗಿ ಮಾತಾಡುತ್ತಾರೆ.

“ಆ ನೋಟಿಸಿಗೆ ಸಮಜಾಯಿಷಿ ಕೊಟ್ಟೆ” ಎಂದು ಬಸಪ್ಪನವರು ಮುಂದುವರಿಸಿದರು. “ಸಮಜಾಯಿಷಿ ಕೊಟ್ಟಿದ್ದೇನೆ ಅಂತ ಅನುಪಾಲನಾ ವರದಿ ಕೊಟ್ಟೆ. ಅಷ್ಟರಲ್ಲಿ ಶೂನ್ಯ ವರದಿ ಕೊಡುವುದು ಮತ್ತೆ ಮರೆತುಹೋಯಿತು.”

ಪಿಟಿ ಮೇಷ್ಟ್ರು ನಾಗರಾಜ ನಗಲಿಲ್ಲ. ಪಾಪ, ಅವನಿಗೆ ನಗು ಬರುವುದು ಕಮ್ಮಿ. ನೌಕರಿಗೆ ಸೇರಿದಾಗ ಖೋಖೋ ತಂಡ ಕಟ್ಟುತ್ತೇನೆ ಅಂತಿದ್ದ. ಯಾವುದೋ ಗಳಿಗೆಯಲ್ಲಿ, ತನಗೆ ಎಕ್ಸೆಲ್ ಬರುತ್ತದೆ ಅಂತ ಸ್ಟಾಫ್ ರೂಮಿನಲ್ಲಿ ಬಾಯಿಬಿಟ್ಟ. ಅಂದಿನಿಂದ ವಿಸಿಲ್ಲು ಬೀರುವಿನಲ್ಲಿದೆ, ನಾಗರಾಜ ಲ್ಯಾಪ್‌ಟಾಪ್ ಮುಂದಿದ್ದಾನೆ. ಮಕ್ಕಳ ಹಾಜರಾತಿ, ಅಂಕ, ವರ್ಗಾವಣೆ ಎಲ್ಲ ಮಕ್ಕಳ ದಾಖಲೆಯ ಪೋರ್ಟಲ್ಲಾದ ಸ್ಯಾಟ್ಸ್‌ನಲ್ಲಿ. ಶೌಚಾಲಯ ಎಷ್ಟು, ರ‍್ಯಾಂಪಿಗೆ ಹಿಡಿಕೆ ಇದೆಯೇ, ಲೈಬ್ರರಿಯಲ್ಲಿ ಪುಸ್ತಕ ಎಷ್ಟು, ಇವೆಲ್ಲ ಶಾಲೆಗಳ ಲೆಕ್ಕ ಇಡುವ ಪೋರ್ಟಲ್ಲಾದ ಯು-ಡೈಸ್ ಪ್ಲಸ್‌ನಲ್ಲಿ. ಶಾಲೆಯ ಡೈಸ್ ಕೋಡು ಹನ್ನೊಂದು ಅಂಕಿಯದು, ಕರ್ನಾಟಕದ್ದೆಲ್ಲ 29ರಿಂದ ಶುರು. ನಾಗರಾಜನನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹನ್ನೊಂದನ್ನೂ ಹೇಳುತ್ತಾನಂತೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದವರೂ ಇದ್ದಾರಂತೆ.

“ಈಗ ಅಪಾರ್ ಬೇರೆ” ಅಂದ. “ಮಗುವಿಗೊಂದು ಹನ್ನೆರಡು ಅಂಕಿಯ ನಂಬರು. ಅದಕ್ಕೆ ಆಧಾರಿನ ಹೆಸರೂ ಶಾಲೆಯ ಹೆಸರೂ ಒಂದೇ ಇರಬೇಕು. ನಮ್ಮ ಐದನೇ ಕ್ಲಾಸಿನ ಮಂಜುನಾಥನಿಗೆ ಆಧಾರಿನಲ್ಲಿ ಒಂದು ಎಚ್ ಜಾಸ್ತಿ. ಅವರಪ್ಪ ಏನಂದ ಗೊತ್ತಾ? ‘ಜಾಸ್ತಿ ತಾನೇ ಇದೆ, ಕಮ್ಮಿ ಇಲ್ಲವಲ್ಲ, ಇರಲಿ ಬಿಡಿ ಸಾರ್.’”

ಇಡ್ಲಿ ಬಂತು. ಶಾರದಕ್ಕ ತಟ್ಟೆ ಎಳೆದುಕೊಂಡರು. ಶಾರದಕ್ಕ ಊರಾಚೆಯ ಕಿರಿಯ ಪ್ರಾಥಮಿಕ ಶಾಲೆಗೆ ಒಬ್ಬರೇ ಟೀಚರು. ಒಂದರಿಂದ ಮೂರನೇ ತರಗತಿಗೆ ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂದ ಪದ್ಧತಿ ಅದು. ಅದರಲ್ಲಿ ಮಕ್ಕಳು ಕೂರುವ ಗುಂಪಿಗೂ ತಟ್ಟೆ ಅಂತಲೇ ಹೆಸರು. ಶಿಕ್ಷಕರ ಬೆಂಬಲದ ತಟ್ಟೆ, ಸಹಪಾಠಿ ಬೆಂಬಲದ ತಟ್ಟೆ, ತಾನೇ ಕಲಿಯುವ ತಟ್ಟೆ, ಹೀಗೆ. ಹೋಟೆಲ್ ಬಿಲ್ ಬಂದಾಗ ಬಸಪ್ಪನವರು ಯಾವಾಗಲೂ ಸಹಪಾಠಿ ಬೆಂಬಲದ ತಟ್ಟೆಯಲ್ಲಿರುತ್ತಾರೆ ಎನ್ನುವುದು ನಮ್ಮಲ್ಲಿ ಹಳೇ ಜೋಕು.

“ಈ ತರಬೇತಿಗೆ ಅಷ್ಟೊಂದು ಹೋಗುತ್ತೀರಲ್ಲ, ಅದು ಕಡ್ಡಾಯವಾ?” ಅಂತ ನಾನು ಕೇಳಿದೆ.

“2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೇ ಇದೆ. ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ತರಬೇತಿ. ಮೇಷ್ಟ್ರಿಗೂ, ಹೆಡ್ಮಾಸ್ಟ್ರಿಗೂ” ಅಂದರು ಮಂಜಣ್ಣ.

“ನೀವು ಹೋದರೆ ನಿಮ್ಮ ಶಾಲೆಯ ಮಕ್ಕಳಿಗೆ ಪಾಠ ಯಾರು ಮಾಡುತ್ತಾರೆ ಶಾರದಕ್ಕ?”

“ಪಕ್ಕದೂರಿನ ಶಾಲೆಯಿಂದ ಒಬ್ಬರನ್ನು ಹಾಕುತ್ತಾರೆ.”

“ಅವರ ಮಕ್ಕಳಿಗೆ?”

“ಅಲ್ಲಿ ಉಳಿದವರು ಮೂರು ಕ್ಲಾಸು ಒಟ್ಟಿಗೆ ಕೂರಿಸುತ್ತಾರೆ. ಮೂರು ಕ್ಲಾಸು ಒಟ್ಟಿಗೆ ಕೂರಿಸಿ ಪಾಠ ಮಾಡುವುದು ಹೇಗೆ ಅಂತ ನನಗೆ ಇಲ್ಲಿ ತರಬೇತಿ ಕೊಡುತ್ತಿರುತ್ತಾರೆ.”

ತರಬೇತಿಯ ವಿಷಯ ಬಂದರೆ ಇವರನ್ನೆಲ್ಲ ನಿಲ್ಲಿಸಲು ಆಗುವುದಿಲ್ಲ. ಮೊದಲ ದಿನ ನೋಂದಣಿ, ಪ್ರಾರ್ಥನೆ, ಆಮೇಲೆ ಪರಿಚಯ. ಸುಮ್ನೆ ಹೆಸರು ಹೇಳುವಂತಿಲ್ಲ. ಹೆಸರಿನ ಮೊದಲ ಅಕ್ಷರಕ್ಕೆ ಒಂದು ಹಣ್ಣೋ ತರಕಾರಿಯೋ ಸೇರಿಸಿ ಹೇಳಬೇಕು. ಬಸಪ್ಪನವರು ಸರ್ವಿಸ್ಸಿನುದ್ದಕ್ಕೂ ಬದನೆಕಾಯಿ ಬಸಪ್ಪ. ಆಮೇಲೆ ಗುಂಪು ಮಾಡುತ್ತಾರೆ. ಕಾವೇರಿ, ತುಂಗಾ, ಶರಾವತಿ, ಕೃಷ್ಣಾ. ಗುಂಪಿಗೊಂದು ಚಾರ್ಟ್ ಶೀಟು, ಎರಡು ಸ್ಕೆಚ್ ಪೆನ್ನು. ಅಕ್ಷರ ದುಂಡಗಿರುವವರು ಬರೆಯುತ್ತಾರೆ, ಧೈರ್ಯ ಇರುವವರು ಹೋಗಿ ಮಂಡಿಸುತ್ತಾರೆ, ಉಳಿದವರು ಟಿಎ ಡಿಎ ಯಾವಾಗ ಬರುತ್ತದೆ ಅಂತ ಚರ್ಚೆ ಮಾಡುತ್ತಾರೆ.

“ನನಗಂತೂ ಶರಾವತಿಯೇ ಬೀಳೋದು” ಅಂದ ನಾಗರಾಜ. “ಗುಂಪಿನಲ್ಲಿ ಯಾರಾದರೂ ಬರೆಯಿರಿ ಅಂದರೆ ಎಲ್ಲರೂ ನನ್ನನ್ನೇ ನೋಡುತ್ತಾರೆ. ಎಕ್ಸೆಲ್ ಸುದ್ದಿ ಜಿಲ್ಲೆಗೇ ಹಬ್ಬಿದೆ.”

“ಒಂದು ಸಲ ಒಬ್ಬರು ಬಂದಿದ್ದರು. ಉಪನ್ಯಾಸ ಪದ್ಧತಿ ಯಾಕೆ ಕೆಲಸ ಮಾಡುವುದಿಲ್ಲ ಅಂತ ಎರಡು ಗಂಟೆ ಉಪನ್ಯಾಸ ಮಾಡಿದರು. ನಿಜವಾಗಲೂ ಕೆಲಸ ಮಾಡುವುದಿಲ್ಲ. ನನಗೆ ಒಂದಕ್ಷರವೂ ನೆನಪಿಲ್ಲ” ಅಂದರು ಬಸಪ್ಪ.

ಮಂಜಣ್ಣ ತರಬೇತಿ ಕೊಡುವವರ ಪರ ನಿಂತರು. ಅವರದೂ ತಪ್ಪಿಲ್ಲ ಅಂತ. ದಿಲ್ಲಿಯಲ್ಲಿ ತಯಾರಾಗಿದ್ದು ರಾಜ್ಯಕ್ಕೆ ಬರುತ್ತದೆ, ರಾಜ್ಯದಿಂದ ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆ ಡಯಟ್‌ಗೆ, ಅಲ್ಲಿಂದ ತಾಲ್ಲೂಕಿಗೆ. ಮೇಲೆ ಹತ್ತು ದಿನ ಕಲಿಸಿದ್ದನ್ನು ಕೆಳಗೆ ಐದು ದಿನಕ್ಕೆ ಇಳಿಸಬೇಕು, ಕೊನೆಗೆ ಎರಡು ದಿನಕ್ಕೆ. ಮದುವೆ ಊಟದ ಕೊನೇ ಪಂಕ್ತಿಯವರಿಗೆ ಹೋಳಿಗೆ ಮುಗಿದಿರುತ್ತದೆ, ಅನ್ನ ಸಾರು ಇರುತ್ತದೆ. ಹಾಗಂತ ಹೊಟ್ಟೆ ತುಂಬಲಿಲ್ಲ ಅಂತ ಹೇಳಲಾಗದು, ಅಲ್ವಾ?

“ಅದಕ್ಕೇ ಆನ್‌ಲೈನ್ ಮಾಡಿದ್ದು” ಅಂದರು. “ದೀಕ್ಷಾ ಪೋರ್ಟಲ್ಲು 2017ರ ಶಿಕ್ಷಕರ ದಿನಾಚರಣೆಗೇ ಬಂತಲ್ಲ. 2020ರಲ್ಲಿ ಕೊರೊನಾ ಬಂದ ಮೇಲೆ ನಿಷ್ಠಾ ತರಬೇತಿಯನ್ನೂ ಅದರಲ್ಲೇ ಹಾಕಿದರು. 18 ಮಾಡ್ಯೂಲು. ದಿಲ್ಲಿಯ ಹೋಳಿಗೆ ನೇರ ನಿಮ್ಮ ಮೊಬೈಲಿಗೆ.”

ಇಲ್ಲಿ ಬಸಪ್ಪನವರು ಒಂದು ಸಂಗತಿ ಹೇಳಿದರು. ಗುಟ್ಟು ಅಂತ ಹೇಳಿದರೂ ಪಕ್ಕದ ಟೇಬಲ್ಲಿಗೂ ಕೇಳಿಸಿತು. ಆಗ ಮಾಡ್ಯೂಲಿನ ವಿಡಿಯೊ ಹಾಕಿ ಫೋನನ್ನು ಅಡುಗೆಮನೆಯ ಕಿಟಕಿಯಲ್ಲಿ ಇಟ್ಟು ಇವರು ಹೊಲಕ್ಕೆ ಹೋಗುತ್ತಿದ್ದರಂತೆ. ಸಿಗ್ನಲ್ ಸಿಗುತ್ತಿದ್ದುದೇ ಆ ಕಿಟಕಿಯಲ್ಲಿ ಅನ್ನುವುದು ಅವರ ಸಮಜಾಯಿಷಿ. ಮನೆಯವರು ಸಾರಿಗೆ ಒಗ್ಗರಣೆ ಹಾಕುತ್ತಾ ಹದಿನೆಂಟೂ ಮಾಡ್ಯೂಲು ಪೂರ್ತಿ ಕೇಳಿದ್ದಾರೆ.

“ಕೊನೆಯ ಪ್ರಶ್ನೆಗಳಿಗೂ ಅವಳೇ ಉತ್ತರ ಹೇಳಿದಳು. ನಾನು ಒತ್ತಿದೆ ಅಷ್ಟೇ. ಪ್ರಮಾಣಪತ್ರ ನನ್ನ ಹೆಸರಿಗೆ ಬಂತು. ಈಗ ಮೊಮ್ಮಗ ಅಳುತ್ತಾ ಬಂದರೆ ನಾನು ಗದರಿಸುತ್ತೇನೆ. ಅವಳು ‘ಮೊದಲು ಮಗುವಿನ ಭಾವನೆ ಗುರುತಿಸಿ ರೀ, ಮಾಡ್ಯೂಲಿನಲ್ಲಿ ಇರಲಿಲ್ವಾ?’ ಅನ್ನುತ್ತಾಳೆ.”

ನನಗೇನೋ ಇದರಲ್ಲಿ ತಪ್ಪು ಕಾಣಲಿಲ್ಲ. ಮನೆಗೊಬ್ಬರಾದರೂ ತರಬೇತಿ ಪಡೆದಂತಾಯಿತು.

ಅಷ್ಟರಲ್ಲಿ ಮಾತು ಬಿಸಿಯೂಟಕ್ಕೆ ತಿರುಗಿತು. ಇವರ ಹರಟೆ ಕೊನೆಗೆ ಅಲ್ಲಿಗೇ ಬರುತ್ತದೆ. ಅನ್ನದ ಲೆಕ್ಕ ಸುಲಭ, ಐದನೇ ತರಗತಿವರೆಗೆ ಮಗುವಿಗೆ 100 ಗ್ರಾಂ, ಮೇಲಿನವರಿಗೆ 150. ಕ್ಷೀರಭಾಗ್ಯ 2013ರ ಆಗಸ್ಟ್ 1ಕ್ಕೆ ಶುರುವಾಗಿದ್ದು, ಒಬ್ಬರಿಗೆ 150 ಎಂಎಲ್ ಹಾಲು. ಅದೂ ಪರವಾಗಿಲ್ಲ. ಕಷ್ಟ ಇರುವುದು ಮೊಟ್ಟೆಯಲ್ಲಿ. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ಮೊಟ್ಟೆ ವಾರಕ್ಕೆ ಆರು ದಿನ ಆಯಿತು. ತಿನ್ನದವರಿಗೆ ಬಾಳೆಹಣ್ಣು. ಯಾರು ಏನು ತಿನ್ನುತ್ತಾರೆ ಅಂತ ಪಟ್ಟಿ ಬೇಕು.

“ಪಟ್ಟಿ ಮಾಡಿ, ಪೋಷಕರ ಸಹಿ ಹಾಕಿಸಿ ಇಟ್ಟೆ” ಅಂದರು ಬಸಪ್ಪ. “ಒಂದು ದಿನ ಆರನೇ ಕ್ಲಾಸಿನ ಹುಡುಗ, ಬಾಳೆಹಣ್ಣಿನ ಪಟ್ಟಿಯವನು, ಮೊಟ್ಟೆ ಸಾಲಿನಲ್ಲಿ ನಿಂತಿದ್ದಾನೆ. ಯಾಕೋ ಅಂದೆ. ‘ಇವತ್ತೊಂದಿನ ಸಾರ್’ ಅಂದ. ಮಾರನೇ ದಿನವೂ ಅಲ್ಲೇ ಇದ್ದಾನೆ. ಮನೆಯಲ್ಲಿ ಹೇಳಬೇಡಿ ಅಂತಾನೆ. ನನ್ನ ಲೆಕ್ಕದಲ್ಲಿ ದಿನಾ ಒಂದು ಬಾಳೆಹಣ್ಣು ಉಳಿಯುತ್ತದೆ, ಒಂದು ಮೊಟ್ಟೆ ಕಮ್ಮಿ ಬೀಳುತ್ತದೆ. ಇದನ್ನು ಯಾವ ಕಾಲಮ್ಮಿನಲ್ಲಿ ತೋರಿಸಲಿ ಮಂಜಣ್ಣ?”

“ಉಳಿದ ಬಾಳೆಹಣ್ಣು ಏನು ಮಾಡುತ್ತೀರಿ?”

“ಅವನೇ ತಿನ್ನುತ್ತಾನೆ. ಪಟ್ಟಿಯಲ್ಲಿ ಹೆಸರಿದೆಯಲ್ಲ!”

ಫೋಟೊ ವಿಷಯದಲ್ಲಿ ಮಾತ್ರ ಶಾರದಕ್ಕನನ್ನು ಮೀರಿಸುವವರಿಲ್ಲ. ಏನು ಮಾಡಿದರೂ ಜಾಗ, ದಿನಾಂಕ, ಸಮಯ ಬೀಳುವ ಆ್ಯಪಿನಲ್ಲಿ ಫೋಟೊ ತೆಗೆದು ಗ್ರೂಪಿಗೆ ಹಾಕಬೇಕು. ಸಸಿ ನೆಟ್ಟರೆ ಫೋಟೊ, ಕೈ ತೊಳೆದರೆ ಫೋಟೊ. ಒಮ್ಮೆ ‘ಶಿಕ್ಷಕರು ಬೋಧಿಸುತ್ತಿರುವ ಛಾಯಾಚಿತ್ರ ಈ ದಿನ ಸಂಜೆ 4ರೊಳಗೆ’ ಅಂತ ಮೆಸೇಜು ಬಂತು. ಶಾಲೆಯಲ್ಲಿ ಇವರೊಬ್ಬರೇ. ಬೋಧಿಸಿದರೆ ಫೋಟೊ ತೆಗೆಯುವವರಿಲ್ಲ, ಫೋಟೊ ತೆಗೆದರೆ ಬೋಧಿಸುವವರಿಲ್ಲ.

“ಕೊನೆಗೆ ನಾಲ್ಕನೇ ಕ್ಲಾಸಿನ ಹುಡುಗಿ ಕೈಗೆ ಫೋನ್ ಕೊಟ್ಟೆ. ಅವಳು ಎತ್ತರವೇ ಇಷ್ಟು. ಬೋರ್ಡು ಬಂದಿದೆ, ಸೀರೆ ಬಂದಿದೆ, ಕುತ್ತಿಗೆಯಿಂದ ಮೇಲೆ ನಾನಿಲ್ಲ. ಅದನ್ನೇ ಕಳಿಸಿದೆ. ‘ಉತ್ತಮ’ ಅಂತ ಉತ್ತರ ಬಂತು.”

ಬಸಪ್ಪನವರಿಗೆ ಕಾನೂನು ನೆನಪಾಯಿತು. ಅವರಿಗೆ ಎರಡನೇ ಕಾಫಿಯ ಹೊತ್ತಿಗೆ ಕಾನೂನು ನೆನಪಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಈ ಮೂರು ಬಿಟ್ಟು ಶಿಕ್ಷಣಕ್ಕೆ ಸಂಬಂಧಪಡದ ಬೇರೆ ಕೆಲಸಕ್ಕೆ ಮೇಷ್ಟ್ರನ್ನು ಹಾಕುವಂತಿಲ್ಲ.

“ಹಾಗಾದರೆ 2025ರಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಅಂತ ನಮ್ಮನೆಗೆ ಬಂದು ಅಷ್ಟೊಂದು ಪ್ರಶ್ನೆ ಕೇಳಿದವರು ಯಾರು?” ಅಂದೆ.

“ನಾನೇ” ಅಂದ ನಾಗರಾಜ. “ಸೆಪ್ಟೆಂಬರ್ 22ಕ್ಕೆ ಶುರು. ದಸರಾ ರಜೆಯಲ್ಲಿ ಮುಗಿಯಲಿಲ್ಲ, ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ಮಕ್ಕಳಿಗೆ ಹಬ್ಬವೋ ಹಬ್ಬ. ನಿಮ್ಮನೆಯಲ್ಲಿ ಮಾತ್ರ ಕಾಫಿ ಕೊಡಲಿಲ್ಲ.”

ಅದು ಸುಳ್ಳು. ಕೊಟ್ಟಿದ್ದೆವು. ಓಟಿಪಿಗೆ ಕಾಯುತ್ತಾ ಅವನು ಕುಡಿಯಲಿಲ್ಲ, ಅಷ್ಟೇ.

ಇಷ್ಟೆಲ್ಲ ಕೇಳಿಸಿಕೊಂಡು ಮಂಜಣ್ಣನಿಗೆ ಬೇಜಾರಾಯಿತು. “ಮಾಹಿತಿ ಬೇಡ ಅನ್ನುತ್ತೀರಾ? ಪಠ್ಯಪುಸ್ತಕದ ಬೇಡಿಕೆ ಸ್ಯಾಟ್ಸ್‌ನ ಲೆಕ್ಕದಿಂದ ಹೋಗುತ್ತದೆ. ಮಕ್ಕಳ ಸಂಖ್ಯೆ ನೋಡಿಯೇ ಮೇಷ್ಟ್ರ ಹುದ್ದೆ ಉಳಿಯೋದು. ಒಂದು ಮಗು ಎಂಟ್ರಿ ಆಗದಿದ್ದರೆ ಜೂನ್‌ನಲ್ಲಿ ಪುಸ್ತಕ ಇಲ್ಲದೆ ಅಳುವುದು ಆ ಮಗು. ಆಗಲೂ ನನಗೇ ಫೋನ್ ಮಾಡುತ್ತೀರಿ.”

ಅದು ಸರಿಯಾದ ಮಾತೇ. ಎಲ್ಲರೂ ಸುಮ್ಮನಾದರು. ಹೊರಗಿನವನಾಗಿ ನನಗೆ ಅನಿಸುವುದು ಇಷ್ಟು: ಮಗುವಿನ ಲೆಕ್ಕ ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಒಂದೇ ಲೆಕ್ಕವನ್ನು ವಾಟ್ಸ್‌ಆ್ಯಪಿನಲ್ಲಿ, ಗೂಗಲ್ ಫಾರ್ಮಿನಲ್ಲಿ, ಪೋರ್ಟಲ್ಲಿನಲ್ಲಿ, ಆಮೇಲೆ ‘ಹಾರ್ಡ್ ಕಾಪಿ ಎರಡು ಪ್ರತಿ’ ಅಂತ ಬೇರೆ ಬೇರೆ ಸಲ ಕೇಳುವುದು ಯಾರಿಗೂ ಯಾರ ಮೇಲೂ ನಂಬಿಕೆ ಇಲ್ಲದ್ದಕ್ಕೆ. ತರಬೇತಿಯ ವರದಿಯೂ ಹಾಗೇ. ಎಷ್ಟು ಜನ ಬಂದರು, ಪುರುಷರು ಎಷ್ಟು, ಮಹಿಳೆಯರು ಎಷ್ಟು, ಬ್ಯಾನರ್ ಕಾಣುವ ಫೋಟೊ ಎಲ್ಲಿ, ಇವೆಲ್ಲ ಕೇಳುತ್ತಾರೆ. ಏನಾದರೂ ಕಲಿತಿರಾ ಅಂತ ಕೇಳುವ ಕಾಲಮ್ಮು ನಾನು ನೋಡಿದ ನಮೂನೆಗಳಲ್ಲಿ ಇರಲಿಲ್ಲ. ನಾಗರಾಜ ತೋರಿಸಿದ್ದನ್ನೆಲ್ಲ ನೋಡಿದ್ದೇನೆ, ಸುಮಾರಿದ್ದವು.

“ಹಾಗೆ ನೋಡಿದರೆ ನಾನು ಕಲಿತಿದ್ದೇನೆ” ಅಂದರು ಶಾರದಕ್ಕ. “ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ. ಸಭೆಯಲ್ಲಿ ಅಂದರೆ ಸಭೆಯಲ್ಲಲ್ಲ, ಟೀ ಬಿಟ್ಟಾಗ. ದಶಕ ಸಾಲ ತಗೊಂಡು ಕಳೆಯುವ ಲೆಕ್ಕ ನಮ್ಮ ಮಕ್ಕಳಿಗೆ ಬರುತ್ತಲೇ ಇರಲಿಲ್ಲ. ಪಕ್ಕದ ಶಾಲೆಯ ಟೀಚರು ಬ್ಯಾಗಿನಿಂದ ಪೊರಕೆ ಕಡ್ಡಿ ತೆಗೆದರು. ಹತ್ತು ಹತ್ತು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿದ್ದರು. ನಲವತ್ತೆರಡು ಅಂದರೆ ನಾಲ್ಕು ಕಟ್ಟು, ಎರಡು ಬಿಡಿ. ಹದಿನೇಳು ತೆಗೆ ಅಂದರೆ ಬಿಡಿಯಲ್ಲಿ ಏಳಿಲ್ಲ. ನಾನು ಹೇಳಿಕೊಡುವುದು ಬೇಡ, ಮಕ್ಕಳೇ ಕೇಳುತ್ತವೆ, ‘ಟೀಚರ್, ಒಂದು ಕಟ್ಟು ಬಿಚ್ಚಲಾ?’ ಅಂತ. ಅಷ್ಟೇ. ಆ ವಾರ ನನ್ನ ಮೂರನೇ ಕ್ಲಾಸಿನವರೆಲ್ಲ ಶಾಲೆಯ ಪೊರಕೆ ಖಾಲಿ ಮಾಡಿದರು.”

“ಇದನ್ನು ವರದಿಯಲ್ಲಿ ಬರೆಯಬೇಕಿತ್ತು!” ಅಂದೆ ನಾನು.

“ಬರೆದೆ. ಕೊನೆಯಲ್ಲಿ ಷರಾ ಅಂತ ಒಂದು ಕಾಲಮ್ಮು ಇರುತ್ತದಲ್ಲ, ಎಲ್ಲರೂ ಗೀಟು ಎಳೆದು ಬಿಡುತ್ತಾರೆ. ನಾನು ಅದರಲ್ಲಿ ಕಡ್ಡಿ, ಕಟ್ಟು, ರಬ್ಬರ್ ಬ್ಯಾಂಡು ಎಲ್ಲ ಬರೆದು ಕಳಿಸಿದೆ. ಮಾರನೇ ದಿನ ಫೋನು. ‘ಮೇಡಂ, ಷರಾದಲ್ಲಿ ಏನೋ ತುಂಬಿಬಿಟ್ಟಿದ್ದೀರಿ. ನಿಮ್ಮ ಶಾಲೆಯ ಸಾಲು ಹಿಗ್ಗಿ ಇಡೀ ಕ್ಲಸ್ಟರಿನ ಪ್ರಿಂಟು ಎರಡನೇ ಪೇಜಿಗೆ ಹೋಗುತ್ತಿದೆ. ತೆಗೆದು ಕಳಿಸಿ.’”

“ಯಾರು ಹಾಗಂದವರು?”

ಮಂಜಣ್ಣ ಸಾಂಬಾರಿನಲ್ಲಿ ಏನೋ ಹುಡುಕುತ್ತಿದ್ದರು. “ಒಂದೇ ಪೇಜಿನಲ್ಲಿ ಬರಬೇಕು ಅಂತ ಮೇಲಿನಿಂದ ಹೇಳಿದ್ದರು” ಅಂದರು ಮೆಲ್ಲಗೆ. “ಆದರೂ ಮೇಡಂ ತಕ್ಷಣ ಸರಿಮಾಡಿ ಕಳಿಸಿದರು. ಒಂದೇ ಪೇಜಿಗೆ ಬಂತು.”

“ತೆಗೆದುಬಿಟ್ಟಿರಾ ಶಾರದಕ್ಕ?”

“ನಾನ್ಯಾಕೆ ತೆಗೆಯಲಿ? ನಾಗರಾಜನಿಗೆ ಹೇಳಿ ಅಕ್ಷರ ಸಣ್ಣದು ಮಾಡಿಸಿದೆ.”

“ನಾಲ್ಕಕ್ಕೆ ಇಳಿಸಿದ್ದೆ” ಅಂದ ನಾಗರಾಜ. ಅವತ್ತು ಮೊದಲ ಸಲ ಅವನ ಮುಖದಲ್ಲಿ ನಗು ನೋಡಿದೆ.