ಮರು: ಇಟಾಲಿಯನ್ ‘ಸಾಪೆರೆ’: ಅರಿವೋ ರುಚಿಯೋ? (ತುರ್ತು)

> ಇಟಲಿಯ ಕವಿ ದಾಂತೆಯ ‘ಕೋಮೆ ಸಾ ದಿ ಸಾಲೆ ಲೋ ಪಾನೆ ಅಲ್ತ್ರುಯಿ’ ಸಾಲನ್ನು ಸಂಜೆಯೊಳಗೆ ಫಲಕ ಬರೆಯುವವರಿಗೆ ಕನ್ನಡದಲ್ಲಿ ಕೊಡಬೇಕು. ‘ಪರರ ರೊಟ್ಟಿ ಉಪ್ಪನ್ನು ಬಲ್ಲದು’ ಸರಿಯೇ? ಕೋಶದಲ್ಲಿ ‘ಸಾಪೆರೆ’ಗೆ ತಿಳಿ, ಬಲ್ಲ ಎಂದಿದೆ.

ಸರಿಯಲ್ಲ. ಸಾಲಿನ ‘ಸಾ’ ‘ಸಾಪೆರೆ’ಯದೇ ರೂಪ. ‘ಸಾಪೆರೆ’ಯ ಬೆನ್ನಿಗೆ ‘ದಿ’ ಬಂದು, ಆಮೇಲೆ ಪದಾರ್ಥದ ಹೆಸರು ಬಂದರೆ ಅದು ರುಚಿಯ ಅಥವಾ ವಾಸನೆಯ ಮಾತು. ಬೂಷ್ಟು ವಾಸನೆ ಹೊಡೆದರೆ ‘ಸಾ ದಿ ಮುಫ್ಫಾ’. ಉಪ್ಪು ಹುಳಿ ಏನೂ ಹತ್ತದ ಅಡುಗೆಗೆ ‘ನೋನ್ ಸಾ ದಿ ನಿಯೆಂತೆ’.

ಹಳೆಯ ಅರ್ಥವೇ ಇದು. ಲ್ಯಾಟಿನ್ನಿನಲ್ಲಿ ‘ಸಾಪೆರೆ’ ಎಂದರೆ ರುಚಿ ಇರು, ರುಚಿ ಹಿಡಿ, ಅಲ್ಲಿಂದ ವಿವೇಕ ಇರು. ತಿಳಿಯುವುದಕ್ಕೆ ‘ಸ್ಕೀರೆ’ ಬೇರೆಯೇ ಇತ್ತು. ಅದು ಬಿದ್ದುಹೋದಾಗ ಆ ಜಾಗಕ್ಕೂ ‘ಸಾಪೆರೆ’ಯೇ ಬಂತು. ಹಾಗಾಗಿ ‘ಸೋ ನುವೊತಾರೆ’ ನಮ್ಮ ‘ನನಗೆ ಈಜು ಬರುತ್ತೆ’. ‘ಓ ಸಪೂತೊ’ ಎಂದರೆ ‘ಗೊತ್ತಾಯಿತು’. ವ್ಯಕ್ತಿಯ, ಊರಿನ ಪರಿಚಯಕ್ಕಾದರೆ ‘ಕೊನೋಷೆರೆ’.

ನಮ್ಮ ‘ಸಪ್ಪೆ’ ಇದರಿಂದಲೇ ಬಂತು ಎಂದು ನಿನ್ನೆ ಬರೆದವರಿಗೆ: ಆಗದ ಮಾತು. ತೆಲುಗಿನಲ್ಲಿ ಇದೇ ಅರ್ಥದ ‘ಚಪ್ಪ’ ಇದೆ; ‘ಸಾಪೆರೆ’ಯ ಅರ್ಥವೋ ‘ಸಪ್ಪೆ’ಗೆ ತದ್ವಿರುದ್ಧ. ಧ್ವನಿ ಹೋಲಿದರೆ ನೆಂಟಸ್ತನ ಆಗುವುದಿಲ್ಲ.

‘ರುಚಿ ಸಂಸ್ಕೃತ, ಸವಿ ಹಾಕಿ’ ಎಂಬ ಸಲಹೆಯನ್ನೂ ಒಪ್ಪಲಾರೆ. ‘ಸವಿ’ಯಲ್ಲಿ ಹಿತ ಸೇರಿಕೊಂಡಿದೆ. ಇಲ್ಲಿ ಮಾತಾಡುತ್ತಿರುವವನು ದಾಂತೆಯ ಮುತ್ತಜ್ಜನ ತಂದೆ ಕಾಚ್ಚಾಗ್ವೀದ. ಕಾವ್ಯದ ಸ್ವರ್ಗದಲ್ಲಿ ದಾಂತೆಗೆ ಸಿಕ್ಕಿ, ಅವನಿಗೆ ಮುಂದೆ ಬರುವ ಗಡಿಪಾರಿನ ಸಂಕಟ ಹೇಳುತ್ತಿದ್ದಾನೆ. 1302ರಲ್ಲಿ ಗಡಿಪಾರಾದ ಕವಿ ತನ್ನ ಊರು ಫ್ಲಾರೆನ್ಸಿಗೆ ಮರಳಲೇ ಇಲ್ಲ, 1321ರಲ್ಲಿ ರಾವೆನ್ನಾದಲ್ಲಿ ತೀರಿಕೊಂಡ. ಅಲ್ಲಿ ‘ಸವಿ’ ಎಲ್ಲಿಂದ ಬರಬೇಕು? ಪೋರ್ಚುಗೀಸರ ಚಾವಿಯನ್ನೂ ಪಗಾರವನ್ನೂ ದಿನಾ ಬಳಸುತ್ತಾ ‘ರುಚಿ’ಯನ್ನು ಮಾತ್ರ ಹೊರಗಿನದೆನ್ನುವ ಈ ಮಡಿ ನನಗೆ ಹಿಡಿಸದು.

ಇನ್ನೊಂದು: ಫ್ಲಾರೆನ್ಸ್ ಇರುವ ಟಸ್ಕನಿಯ ರೊಟ್ಟಿಗೆ ಇವತ್ತಿಗೂ ಉಪ್ಪು ಹಾಕುವುದಿಲ್ಲ. ಆ ಸಪ್ಪೆ ರೊಟ್ಟಿಗೆ ‘ಶೋಕ್ಕೊ’ ಎನ್ನುತ್ತಾರೆ, ಉಳಿದ ಇಟಲಿಯಲ್ಲಿ ಅದೇ ಪದ ದಡ್ಡನಿಗೆ. ರುಚಿ ಇಲ್ಲದ್ದಕ್ಕೂ ಬುದ್ಧಿ ಇಲ್ಲದವನಿಗೂ ಒಂದೇ ಪದ, ‘ಸಾಪೆರೆ’ಗೆ ಸರಿಯಾದ ಎದುರು! ಊರ ರೊಟ್ಟಿ ಉಂಡು ಬೆಳೆದವನಿಗೆ ಪರರ ರೊಟ್ಟಿ ನಿಜವಾಗಿಯೂ ಉಪ್ಪಾಗಿಯೇ ಹತ್ತುತ್ತದೆ. ದಯವಿಟ್ಟು ‘ಉಪ್ಪಿನ ಋಣ’ ತರಬೇಡಿ; ಅದು ಕೃತಜ್ಞತೆಯ ಮಾತು, ಇಲ್ಲಿರುವುದು ಹಂಗಿನ ನೋವು.

ಫಲಕಕ್ಕೆ ಇದನ್ನು ಕೊಡಿ, ರುಚಿಯೂ ಬೇಡ ಸವಿಯೂ ಬೇಡ:

‘ಪರರ ರೊಟ್ಟಿ ಎಷ್ಟು ಉಪ್ಪುಪ್ಪೆಂದು ನೀನೇ ಉಂಡು ತಿಳಿಯುವೆ.’

ಜಾಗ ಸಾಲದೆಂದು ‘ಎಷ್ಟು’ ತೆಗೆಯಬೇಡಿ. ಮೂಲದ ‘ಕೋಮೆ’ ಅದರಲ್ಲೇ ಇದೆ.