ಉಳ್ಳಾಗಡ್ಡಿ ಬೇರಿನ ಸ್ಲೈಡಿನಲ್ಲಿ ಮೈಟಾಸಿಸ್ (ಕೋಶ ವಿಭಜನೆ) ಕಾಣ್ತಿಲ್ಲ. ಬಿಎಸ್ಸಿ ಮೊದಲ ಸೆಮಿಸ್ಟರ್, ಕಲಬುರಗಿ

ಅಫಜಲಪುರದ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಬಿಎಸ್ಸಿ ಮೊದಲ ಸೆಮಿಸ್ಟರ್ ಓದುತ್ತಿದ್ದೇನೆ. ಬಾಟನಿ, ಜುವಾಲಜಿ ಎರಡೂ ತಗೊಂಡಿದ್ದೇನೆ. ಊರು ಅಫಜಲಪುರದ ಹತ್ತಿರ, ಇಲ್ಲಿ ಹಾಸ್ಟೆಲಿನಲ್ಲಿದ್ದೇನೆ.

ಮೊನ್ನೆ ನಮಗೆ ಉಳ್ಳಾಗಡ್ಡಿ ಬೇರಿನ ಪ್ರಾಕ್ಟಿಕಲ್ ಇತ್ತು. ನಮ್ಮ ಬ್ಯಾಚು ಮಧ್ಯಾಹ್ನ 2 ಗಂಟೆಗೆ. ಗ್ಲಾಸಿನ ಮೇಲೆ ಕೂರಿಸಿದ್ದ ಉಳ್ಳಾಗಡ್ಡಿಯಿಂದ ಆಗಲೇ ಬೇರು ಕತ್ತರಿಸಿ, ಆಸಿಡ್ ಹಾಕಿ, ಅಸಿಟೋಕಾರ್ಮಿನ್ ಅನ್ನೋ ಕೆಂಪು ಬಣ್ಣ ಹಾಕಿ, ಕವರ್ ಸ್ಲಿಪ್ ಇಟ್ಟು ಒತ್ತಿದೆವು. ನೋಡಿದರೆ ಬರೀ ಉದ್ದುದ್ದ ಕೋಶಗಳು, ಒಂದರ ಮೇಲೊಂದು ಬಿದ್ದಿವೆ. ವರ್ಣತಂತು (ಕ್ರೋಮೋಸೋಮ್) ಅಂತ ಒಂದೂ ಕಾಣಲಿಲ್ಲ. ನನಗಷ್ಟೇ ಅಲ್ಲ, ಬ್ಯಾಚಿನಲ್ಲಿ ಯಾರಿಗೂ ಕಾಣಲಿಲ್ಲ. ಮೈಕ್ರೋಸ್ಕೋಪು ಐದಾರು ಜನಕ್ಕೆ ಒಂದು. ಕೊನೆಗೆ ಪುಸ್ತಕ ನೋಡಿ ಚಿತ್ರ ಬಿಡಿಸಿಕೊಂಡು ಬನ್ನಿ ಅಂದರು. ಸೀನಿಯರ್ ಒಬ್ಬರ ರೆಕಾರ್ಡು ಈಗ ಹಾಸ್ಟೆಲಿನಲ್ಲಿ ರೂಮಿಂದ ರೂಮಿಗೆ ಓಡಾಡ್ತಾ ಇದೆ.

ನನಗೆ ಹಾಗೆ ಬಿಡಿಸೋಕೆ ಮನಸ್ಸಿಲ್ಲ. ಹತ್ತನೇ ತನಕ ಕನ್ನಡ ಮೀಡಿಯಂನಲ್ಲಿ ಓದಿದವಳು. ಕ್ಲಾಸಿನಲ್ಲಿ ಇಂಗ್ಲಿಷಿನಲ್ಲಿ ಬೇಗ ಬೇಗ ಹೇಳಿಕೊಂಡು ಹೋದರೆ ಅರ್ಧ ತಪ್ಪಿ ಹೋಗುತ್ತೆ. ಕಣ್ಣಾರೆ ನೋಡಿದ್ದು ಮಾತ್ರ ತಲೆಯಲ್ಲಿ ಉಳಿಯುತ್ತೆ. ಈ ಸ್ಲೈಡು ಸರಿ ಬರಬೇಕು ಅಂದರೆ ಏನು ಮಾಡಬೇಕು? ಲ್ಯಾಬಿನಲ್ಲಿ ಹಳೇ ಸಾಮಾನುಗಳಷ್ಟೇ ಇವೆ. ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಸ್ಲೈಡ್ ನೋಡುವವ

ತಂಗಿ, ನಾನೂ ಇಲ್ಲೇ ಬಿಎಸ್ಸಿ ಮಾಡಿ, ಆಮೇಲೆ ಲ್ಯಾಬ್ ಟೆಕ್ನಿಶಿಯನ್ ಕೋರ್ಸ್ ಮಾಡಿದವನು. ಈಗ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಬೇರಿನ ಬಗ್ಗೆ ಬಾಟನಿಯವರು ಹೇಳಲಿ, ನಾನು ಮೈಕ್ರೋಸ್ಕೋಪಿನ ಬಗ್ಗೆ ಮಾತ್ರ ಹೇಳ್ತೀನಿ.

ಐದಾರು ಜನಕ್ಕೆ ಒಂದು ಅಂದರೆ ಯಾರೋ ಒಬ್ಬರು ಫೋಕಸ್ ಮಾಡ್ತಾರೆ, ಉಳಿದವರು ಸಾಲಾಗಿ ಬಂದು ಇಣುಕಿ ಹೋಗ್ತಾರೆ. ಅಲ್ವಾ? ಹಾಗೆ ಬಿಡಬೇಡ. ನಿನ್ನ ಸರದಿ ಬಂದಾಗ ಕನ್ನಡಿಯಿಂದ ಶುರು ಮಾಡು. ಕನ್ನಡಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸು, ನೇರ ಬಿಸಿಲಿಗೆ ಬೇಡ, ಕಣ್ಣಿಗೆ ಅಪಾಯ. ಮೊದಲು 10 ಪಟ್ಟಿನ ಲೆನ್ಸಿನಲ್ಲಿ ಕೆಂಪು ಬಣ್ಣ ಹಿಡಿದ ಜಾಗ ಹುಡುಕಿ ನಟ್ಟನಡುವೆ ತಂದುಕೋ. ಆಮೇಲೇ 40ರ ಲೆನ್ಸು ತಿರುಗಿಸು. ಕಣ್ಣಿಡುವ ಲೆನ್ಸು 10 ಪಟ್ಟಿನದಾದರೆ ಒಟ್ಟು 400 ಪಟ್ಟು. 40ಕ್ಕೆ ಹೋದ ಮೇಲೆ ದೊಡ್ಡ ತಿರುಪು ಮುಟ್ಟಲೇಬೇಡ, ಕವರ್ ಸ್ಲಿಪ್ ಪುಡಿಯಾಗುತ್ತೆ. ಸಣ್ಣ ತಿರುಪನ್ನು ಆ ಕಡೆ ಈ ಕಡೆ ಮೆಲ್ಲಗೆ ಆಡಿಸ್ತಾ ಇರು. ಕೋಶಕ್ಕೆ ದಪ್ಪ ಇರುತ್ತೆ, ಒಂದೇ ಮಟ್ಟದಲ್ಲಿ ಎಲ್ಲ ಕಾಣಲ್ಲ.

ನಾನು ದಿನಾ ರಕ್ತದ ಸ್ಮಿಯರ್ ಎಳೆದು ಬಣ್ಣ ಹಾಕಿ ಕಣ ಎಣಿಸೋದು ಇದೇ ಕೈಚಳಕದಿಂದ. ಅದು ಬಂದಿದ್ದು ಮೊದಲ ವರ್ಷದ ಲ್ಯಾಬಿನಲ್ಲಿ.

ಬಾಟನಿ ಮೇಡಂ

ನಿನ್ನ ಪ್ರಶ್ನೆ ಓದಿ ತುಂಬಾ ಖುಷಿಯಾಯಿತಮ್ಮ. ನಾನು ಇದೇ ಊರಿನಲ್ಲಿ ಡಿಗ್ರಿ ಹುಡುಗರಿಗೆ ಸಸ್ಯಶಾಸ್ತ್ರ ಹೇಳಿಕೊಡುವವಳು. ಈ ಒಂದು ಪ್ರಾಕ್ಟಿಕಲ್ ಸರಿಯಾಗಿ ಆಗಬೇಕು ಅನ್ನೋದು ನನಗೆ ಪ್ರತಿ ವರ್ಷದ ಹಟ. ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಉದ್ದುದ್ದ ಕೋಶ ಕಂಡವು ಅಂದೆಯಲ್ಲ, ಉತ್ತರ ಅಲ್ಲೇ ಇದೆ. ನೀವು ನೋಡಿದ್ದು ಬೇರಿನ ತುದಿ ಅಲ್ಲ, ಅದರ ಮೇಲಿನ ಭಾಗ. ಅಲ್ಲಿ ಕೋಶಗಳು ಒಡೆಯೋದು ಮುಗಿಸಿ ಉದ್ದ ಬೆಳೆಯುತ್ತಾ ಇರುತ್ತವೆ. ವಿಭಜನೆ ನಡೆಯೋದು ಕೊನೆಯ ಒಂದೆರಡು ಮಿಲಿಮೀಟರಿನಲ್ಲಿ. ಬೇರನ್ನು ಕಪ್ಪು ಕಾಗದದ ಮೇಲಿಟ್ಟು ನೋಡು. ತುದಿ ಸ್ವಲ್ಪ ಹಳದಿಯಾಗಿ, ಮಬ್ಬಾಗಿ ಕಾಣುತ್ತೆ. ಅದರ ಮೇಲೆ ಬೇರು ಗಾಜಿನ ಹಾಗೆ ತಿಳಿಯಾಗಿರುತ್ತೆ. ಆ ಮಬ್ಬು ತುಣುಕು ಮಾತ್ರ ನಿನಗೆ ಬೇಕು. ಬಣ್ಣ ಹಾಕಿದ ಮೇಲೆ ಅದೇ ಎಲ್ಲಕ್ಕಿಂತ ಗಾಢ ಕೆಂಪಾಗುತ್ತೆ. ಉಳಿದದ್ದನ್ನು ಬ್ಲೇಡಿನಿಂದ ಕತ್ತರಿಸಿ ಸರಿಸಿಬಿಡು. ಪಾಪ, ಬೇರು ಜಾಸ್ತಿ ಇದ್ದರೆ ಜಾಸ್ತಿ ಕಾಣುತ್ತೆ ಅಂತ ಹುಡುಗರು ಅರ್ಧ ಸೆಂಟಿಮೀಟರ್ ಹಾಕ್ತಾರೆ.

ಎರಡನೆಯದು ಸಮಯ. ಬೇರು ಕತ್ತರಿಸೋದಕ್ಕೆ ಬೆಳಿಗ್ಗೆ 8ರಿಂದ 10ರ ಒಳಗೆ ಒಳ್ಳೇದು ಅಂತ ನಮ್ಮ ಪ್ರಾಕ್ಟಿಕಲ್ ಪುಸ್ತಕಗಳಲ್ಲಿ ಇರುತ್ತೆ. ನಿಮ್ಮ ಬ್ಯಾಚು 2 ಗಂಟೆಗೆ. ಟೈಮ್‌ಟೇಬಲ್ ಬದಲಾಗಲ್ಲ, ಆದರೆ ಬೇರು ಕತ್ತರಿಸೋ ಹೊತ್ತು ಬದಲಾಯಿಸಬಹುದು. ಉಳ್ಳಾಗಡ್ಡಿಯನ್ನು ಲ್ಯಾಬಿನಲ್ಲೇ ಇಡಿ. ಹಿಂದಿನ ದಿನ ಬೆಳಿಗ್ಗೆ ಅಟೆಂಡರ್ ಅಣ್ಣನನ್ನು ಕೇಳಿ ಬಾಗಿಲು ತೆಗೆಸಿ, ತುದಿಗಳನ್ನು ಕತ್ತರಿಸಿ ಫಿಕ್ಸೆಟಿವ್ ಬಾಟಲಿಗೆ ಹಾಕಿ. ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಗ್ಲೇಶಿಯಲ್ ಅಸಿಟಿಕ್ ಆಸಿಡ್. ಇದನ್ನು ನಿಮ್ಮ ಮೇಡಂ ಮುಂದೆಯೇ ಕಲಸಬೇಕು, ಗಾಢ ಆಸಿಡ್ ಅದು, ಹಾಸ್ಟೆಲಿಗೆ ಒಯ್ಯೋದು ಬೇಡ. ಕೋಶ ಆ ಕ್ಷಣಕ್ಕೆ ಯಾವ ಹಂತದಲ್ಲಿರುತ್ತೋ ಅಲ್ಲೇ ನಿಲ್ಲುತ್ತೆ. ಒಂದು ದಿನ ಅದರಲ್ಲಿರಲಿ. ಮರುದಿನ 2 ಗಂಟೆಗೆ ತೆಗೆದು ಸ್ಲೈಡ್ ಮಾಡಿದರೂ ಬೆಳಗಿನ ಬೇರೇ ಕಾಣುತ್ತೆ. ತಡ ಆಗೋದಾದರೆ 70 ಪರ್ಸೆಂಟ್ ಆಲ್ಕೋಹಾಲಿಗೆ ವರ್ಗಾಯಿಸಿ ಇಡಬಹುದು.

ನೀರಿನ ಬಗ್ಗೆ ನಮ್ಮ ಊರಿನವರಿಗೆ ಒಂದು ಮಾತು. ಇಲ್ಲಿ ಟ್ಯಾಂಕಿನ ನೀರು ಮಧ್ಯಾಹ್ನಕ್ಕೆ ಕೈ ಸುಡುತ್ತೆ. ಆ ನೀರಿಗೆ ಕೂರಿಸಿದರೆ ಬೇರು ಬೆಳೆಯಲ್ಲ, ಕೊಳೆಯುತ್ತೆ. ಮಣ್ಣಿನ ಕೊಡದ ತಣ್ಣನೆ ನೀರು ಹಾಕಿ, ದಿನಾ ಬದಲಾಯಿಸಿ. ಗಡ್ಡೆಯ ಬುಡದ ಒಣ ಬೇರು ಕೆರೆದು ತೆಗೆದು, ಬುಡ ಮಾತ್ರ ನೀರಿಗೆ ತಾಗಿಸಿ. ನೆರಳಲ್ಲಿಡಿ. ಎರಡು ಸೆಂಟಿಮೀಟರ್ ಬಿಳಿ ಬೇರು ಬಂದರೆ ಸಾಕು.

ಇನ್ನು ಕೋಶಗಳು ಒಂದರ ಮೇಲೊಂದು ಬಿದ್ದದ್ದು. ಕೋಶ ಕೋಶಕ್ಕೆ ಅಂಟು ಇರುತ್ತೆ, ಪೆಕ್ಟಿನ್. ಅದನ್ನು ಬಿಡಿಸೋದಕ್ಕೇ ಹೈಡ್ರೋಕ್ಲೋರಿಕ್ ಆಸಿಡ್ ಹಾಕೋದು. 1 ನಾರ್ಮಲ್ ಆಸಿಡಿನಲ್ಲಿ, 60 ಡಿಗ್ರಿ ಬಿಸಿಯಲ್ಲಿ, ಕೆಲವು ನಿಮಿಷ ಇಡಬೇಕು. ತಣ್ಣನೆ ಆಸಿಡಿಗೆ ಸುಮ್ನೆ ಅದ್ದಿ ತೆಗೆದರೆ ಅಂಟು ಬಿಡಲ್ಲ, ರೊಟ್ಟಿ ಒಟ್ಟಿದ ಹಾಗೆ ಪದರ ಪದರವಾಗೇ ಇರುತ್ತೆ. ಬೇರು ಮೆತ್ತಗಾದ ಮೇಲೆ ನೀರಲ್ಲಿ ತೊಳೆದು ಬಣ್ಣ ಹಾಕಿ. ಅಸಿಟೋಕಾರ್ಮಿನಿನಲ್ಲಿ ತುದಿಯನ್ನು ಕಬ್ಬಿಣದ ಸೂಜಿಯಿಂದ ಚುಚ್ಚಿ ಬಿಡಿಸಿ. ಹಳೇ ಸೂಜಿ ಇದ್ದರೆ ಇನ್ನೂ ಒಳ್ಳೇದು. ಅದರ ಚೂರು ಕಬ್ಬಿಣ ಬಣ್ಣಕ್ಕೆ ಸೇರಿ ವರ್ಣತಂತುಗಳು ಗಾಢವಾಗಿ ಕಾಣುತ್ತವೆ. ನಿಮ್ಮ ಲ್ಯಾಬಿನ ಹಳೇ ಸಾಮಾನು ಇಲ್ಲಿ ಕೆಲಸಕ್ಕೆ ಬರುತ್ತೆ ನೋಡು. ಸ್ಪಿರಿಟ್ ಲ್ಯಾಂಪಿನ ಮೇಲೆ ಸ್ಲೈಡನ್ನು ಒಂದೆರಡು ಸಲ ಹಾಯಿಸು, ಕುದಿಯಬಾರದು. ಬ್ಲಾಟಿಂಗ್ ಪೇಪರ್ ಮುಚ್ಚಿ ಹೆಬ್ಬೆರಳಿಂದ ನೇರ ಒತ್ತು. ಕವರ್ ಸ್ಲಿಪ್ ಒಂಚೂರು ಜಾರಿದರೂ ಕೋಶಗಳು ಸುರುಳಿ ಸುತ್ತಿಕೊಳ್ಳುತ್ತವೆ.

ಇಷ್ಟಾದರೂ ನೂರು ಕೋಶದಲ್ಲಿ ಬಹುಪಾಲು ಒಡೆಯೋಕೆ ಮುಂಚಿನ ಹಂತವಾದ ಇಂಟರ್‌ಫೇಸಿನಲ್ಲೇ ಇರುತ್ತವೆ. ಆಮೇಲೆ ಜಾಸ್ತಿ ಸಿಗೋದು ಪ್ರೊಫೇಸ್, ಅಂದರೆ ವಿಭಜನೆಯ ಮೊದಲ ಹಂತ. ವರ್ಣತಂತುಗಳು ನಡುವೆ ಸಾಲಾಗಿ ನಿಲ್ಲುವ ಮೆಟಾಫೇಸ್, ಎರಡು ಕಡೆಗೆ ಸರಿಯುವ ಅನಾಫೇಸ್ ಹುಡುಕಬೇಕು. ಯಾಕೆಂದರೆ ಅವು ಬೇಗ ಮುಗಿದುಹೋಗುವ ಹಂತಗಳು. ಪುಸ್ತಕದಲ್ಲಿ ಕೊನೆಯ ಟೀಲೋಫೇಸ್ ಸೇರಿ ನಾಲ್ಕು ಹಂತಗಳನ್ನೂ ಒಂದೇ ಅಳತೆಯಲ್ಲಿ ಬಿಡಿಸಿರುತ್ತಾರೆ, ಅದಕ್ಕೆ ಮಕ್ಕಳು ಸಮಸಮವಾಗಿ ಸಿಗುತ್ತವೆ ಅಂದುಕೊಳ್ಳುತ್ತಾರೆ. ರೆಕಾರ್ಡಿನಿಂದ ರೆಕಾರ್ಡಿಗೆ ನಕಲು ಇಳಿಸಿದರೆ ಈ ವಿಷಯ ಯಾವತ್ತೂ ತಿಳಿಯಲ್ಲ. ನೀನು ಕಂಡ ಕೋಶಗಳನ್ನು ಎಣಿಸಿ, ಅದರಲ್ಲಿ ಎಷ್ಟು ಒಡೆಯುತ್ತಿವೆ ಅಂತ ಬರಿ. ಕಾಣದ ಹಂತವನ್ನು ಕಾಣಲಿಲ್ಲ ಅಂತಲೇ ಬರಿ. ನಾನಾಗಿದ್ದರೆ ಅದಕ್ಕೆ ಪೂರ್ತಿ ಅಂಕ ಕೊಡ್ತೀನಿ.

ಸುರಪುರದ ಮೇಷ್ಟ್ರು

ಮೇಡಂ ಅವರೇ, ಬಹಳ ಚೆನ್ನಾಗಿ ಹೇಳಿದಿರಿ. ನಾನು ಹೈಸ್ಕೂಲ್ ವಿಜ್ಞಾನ ಶಿಕ್ಷಕ, ಯಾದಗಿರಿ ಜಿಲ್ಲೆ. ಒಂದು ಸಂದೇಹ ಇದೆ. ಉಳ್ಳಾಗಡ್ಡಿಯೇ ಯಾಕೆ? ನಮ್ಮಲ್ಲಿ ಎಲ್ಲಿ ನೋಡಿದರೂ ತೊಗರಿ. ನೆನೆಸಿದರೆ ಮೊಳಕೆ ಬೇರು ಬರುತ್ತೆ. ಅದನ್ನೇ ಬಳಸಬಾರದೇ?

ಬಾಟನಿ ಮೇಡಂ

ಬಳಸಬಹುದು ಸರ್, ಆದರೆ ಮೊದಲ ಸಲಕ್ಕೆ ಬೇಡ. ಉಳ್ಳಾಗಡ್ಡಿಯಲ್ಲಿ 16 ವರ್ಣತಂತುಗಳು, ಒಂದೊಂದೂ ದೊಡ್ಡದು. ತೊಗರಿಯಲ್ಲಿ 22, ಅವು ಸಣ್ಣವು. ಹೊಸಬರ ಕಣ್ಣಿಗೆ ಬರೀ ಚುಕ್ಕೆಗಳ ಗುಂಪು.

ತೊಗರಿಯಿಂದ ನಿಮ್ಮ ಮಕ್ಕಳಿಗೆ ಬೇರೆಯದೇ ತೋರಿಸಿ. ಬಿತ್ತಿ ತಿಂಗಳು ಒಂದೂವರೆ ತಿಂಗಳಾದ ಗಿಡವನ್ನು ಕೈಯಿಂದ ಕೀಳಬೇಡಿ. ಎರೆ ಮಣ್ಣಿನಲ್ಲಿ ಬೇರಿನ ಗಂಟುಗಳೆಲ್ಲ ಅಲ್ಲೇ ಉಳಿದುಬಿಡುತ್ತವೆ. ಹೆಂಟೆ ಸಮೇತ ಅಗೆದು ಬಕೆಟ್ ನೀರಿನಲ್ಲಿ ನೆನೆಹಾಕಿ. ಮಣ್ಣು ತಾನೇ ಕರಗಿ ಬೇರು ಗಂಟಿನ ಸಮೇತ ಬಿಡುತ್ತೆ. ಒಂದು ಗಂಟನ್ನು ಬ್ಲೇಡಿನಿಂದ ಸೀಳಿದರೆ ಒಳಗೆ ಗುಲಾಬಿ ಬಣ್ಣ ಇರುತ್ತೆ. ಅದು ಲೆಗ್‌ಹಿಮೋಗ್ಲೋಬಿನ್, ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಬಳಗದ್ದೇ. ಗುಲಾಬಿ ಇದ್ದರೆ ಒಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿಯುತ್ತಿದೆ ಅಂತ. ಹಸಿರು ಅಥವಾ ಕಂದು ಇದ್ದರೆ ಆ ಗಂಟಿನ ಕೆಲಸ ಮುಗಿದಿದೆ. ಇದಕ್ಕೆ ಮೈಕ್ರೋಸ್ಕೋಪೂ ಬೇಡ.

ಅಫಜಲಪುರದ ಹುಡುಗಿ

ಮೇಡಂ, ಅಣ್ಣಾ, ಬಹಳ ಬಹಳ ಧನ್ಯವಾದಗಳು. ನಿಮ್ಮ ಮಾತು ನಮ್ಮ ಮೇಡಂಗೆ ತೋರಿಸಿದೆ. ಅವರು ಖುಷಿಯಿಂದ ಒಪ್ಪಿ, ತಾವೇ ಬೆಳಿಗ್ಗೆ ಬಂದು ಫಿಕ್ಸೆಟಿವ್ ಮಾಡಿಕೊಟ್ಟರು. ನಾವು ಮೂವರು ಹುಡುಗಿಯರು ಸೇರಿ ಕತ್ತರಿಸಿಟ್ಟೆವು.

ಇವತ್ತು ಕಂಡವು ಮೇಡಂ! ಪ್ರೊಫೇಸ್ ತುಂಬಾ ಇದ್ದವು, ದಾರದ ಉಂಡೆಯ ಹಾಗೆ ಸ್ಪಷ್ಟವಾಗಿ ಕಂಡವು. ಅನಾಫೇಸ್ ಒಂದೇ ಒಂದು ಸಿಕ್ಕಿತು, ಎರಡು ಕಡೆಗೂ ಎಳೆದುಕೊಂಡು ಹೋಗ್ತಿತ್ತು. ಬ್ಯಾಚಿನವರೆಲ್ಲ ಸಾಲುಗಟ್ಟಿ ನೋಡಿದರು. ಒಂದು ಕೋಶ ಮಾತ್ರ ಯಾವ ಹಂತ ಅಂತ ತಿಳಿಯಲಿಲ್ಲ. ವರ್ಣತಂತುಗಳು ದಪ್ಪಗಿವೆ, ಗೆರೆಯಲ್ಲಿ ನಿಂತಿಲ್ಲ, ದುಂಡಗೆ ಸುತ್ತಲೂ ಹರಡಿಕೊಂಡಿವೆ, ನಡುವೆ ಸ್ವಲ್ಪ ಖಾಲಿ. ಪುಸ್ತಕದಲ್ಲಿ ಇಂಥ ಚಿತ್ರವೇ ಇಲ್ಲ. ಏನಂತ ಬರೀಲಿ?

ಬಾಟನಿ ಮೇಡಂ

ಅದು ಮೆಟಾಫೇಸೇ ಇರಬೇಕಮ್ಮ. ಪುಸ್ತಕದವರು ಪಕ್ಕದಿಂದ ನೋಡಿ ಬಿಡಿಸುತ್ತಾರೆ, ಆಗ ಗೆರೆ ಕಾಣುತ್ತೆ. ನಿನ್ನ ಕೋಶ ಒತ್ತಿದಾಗ ಅಡ್ಡ ಬಿದ್ದಿದೆ, ನೀನು ಧ್ರುವದ ಕಡೆಯಿಂದ ನೋಡ್ತಾ ಇದ್ದೀಯ, ಅದಕ್ಕೆ ದುಂಡಗಿದೆ. ಸಣ್ಣ ತಿರುಪು ಆಡಿಸಿ ನೋಡು. ಎಲ್ಲವೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಸ್ಪಷ್ಟವಾದರೆ ಮೆಟಾಫೇಸ್. ಮೇಲೆ ಕೆಳಗೆ ಬೇರೆ ಬೇರೆ ಮಟ್ಟದಲ್ಲಿದ್ದರೆ ಪ್ರೊಫೇಸಿನ ಕೊನೆ. ಕಂಡ ಹಾಗೇ ದುಂಡಗೆ ಬಿಡಿಸಿ, ಪಕ್ಕದಲ್ಲಿ 400 ಪಟ್ಟು ಅಂತ ಬರಿ.

ಸ್ಲೈಡು ಒಣಗೋಕೆ ಬಿಡಬೇಡ. ಕವರ್ ಸ್ಲಿಪ್ಪಿನ ನಾಲ್ಕೂ ಅಂಚಿಗೆ ನೇಲ್ ಪಾಲಿಶ್ ಹಚ್ಚಿ, ಹೆಸರು ತಾರೀಖು ಬರೆದು ಫ್ರಿಜ್ಜಿನಲ್ಲಿಡು. ಕೆಲವು ದಿನ ಇರುತ್ತೆ. ಮುಂದಿನ ಬ್ಯಾಚಿನವರಿಗೂ ಆ ಅನಾಫೇಸ್ ತೋರಿಸಬಹುದು.