ಮಗುವಿನ ತೂಕ ನೋಡುವಾಗ ಮನೆ ಕಷ್ಟ ಕೇಳಬಹುದಾ?

ತಕ್ಕಡಿ ಅಕ್ಕ, ವಿಜಯಪುರ
ಇಲ್ಲಿನ ಒಂದು ಸಣ್ಣ ಮಕ್ಕಳ ಕ್ಲಿನಿಕ್‌ನಲ್ಲಿ ನಾನು ನರ್ಸ್. ಹೋದ ಸೋಮವಾರ ತಾಂಡಾದಿಂದ ಒಬ್ಬ ತಾಯಿ ಬಂದಿದ್ದಳು. ಒಂದೂವರೆ ವರ್ಷದ ಮಗು, ಮೂರು ತಿಂಗಳಿಂದ ತೂಕ ಏರಿಲ್ಲ. ಡಾಕ್ಟರು ಟಾನಿಕ್ ಬರೆದು, "ಹಾಲು, ಮೊಟ್ಟೆ ಕೊಡು" ಅಂದರು. ಆಕೆ ತಲೆಯಾಡಿಸಿ ಚೀಟಿ ಮಡಚಿ ಇಟ್ಟುಕೊಂಡಳು. ಮೆಡಿಕಲ್ ಅಂಗಡಿ ಕಡೆ ತಿರುಗಿಯೂ ನೋಡಲಿಲ್ಲ.

ಹೊರಗೆ ಕಟ್ಟೆ ಮೇಲೆ ಕೂರಿಸಿ ಕೇಳಿದೆ. ಗಂಡ ಗೋವಾದಲ್ಲಿ ದುಡಿಯಲು ಹೋಗಿದ್ದಾನೆ, ದುಡ್ಡು ಬಂದಿಲ್ಲ. ರೇಷನ್ ಕಾರ್ಡಿನಲ್ಲಿ ಮಗುವಿನ ಹೆಸರೇ ಇಲ್ಲ. ಇದಕ್ಕೆ ಟಾನಿಕ್ ಏನು ಮಾಡುತ್ತೆ?

ಅಮೆರಿಕದ ಬಾಸ್ಟನ್‌ನಲ್ಲಿ 1996ರಲ್ಲೇ ಒಂದು ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಒಂದು ಮೇಜು ಹಾಕಿ ಕೂರಿಸಿದ್ದರಂತೆ. ಊಟಕ್ಕೆ, ಮನೆಗೆ ಕಷ್ಟ ಇದ್ದವರಿಗೆ ಯಾವ ನೆರವು ಎಲ್ಲಿ ಸಿಗುತ್ತೆ ಅಂತ ಹುಡುಕಿಕೊಡೋದು ಅವರ ಕೆಲಸ. ನಮ್ಮಲ್ಲೂ ಹಾಗೊಂದು ಮೇಜು ಹಾಕೋಣ ಅಂತ ನಮ್ಮ ಡಾಕ್ಟರಿಗೆ ಹೇಳಿದೆ. "ಮೂಲೆ ಕೊಡ್ತೀನಿ, ಸಂಬಳ ಕೇಳಬೇಡ" ಅಂದರು! ಶುರು ಹೇಗೆ ಮಾಡಲಿ?

ಹುನಗುಂದದ ಆಶಾ
ಮೊದಲು ಮಗುವಿನ ತೋಳಿನ ಸುತ್ತಳತೆ ತಗೊಳ್ಳಿ ಅಕ್ಕಾ. 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆ; ಮೂಲೆ, ಮೇಜು ಎಲ್ಲ ಆಮೇಲೆ. ನೇರ ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸಿ. ತಾಯಿಯನ್ನೂ ಜೊತೆಗೆ ಇಟ್ಟುಕೊಳ್ಳುತ್ತಾರೆ, ಕೂಲಿ ತಪ್ಪಿದ್ದಕ್ಕೆ ಹಣ ಕೊಡುತ್ತಾರೆ. ಆದರೂ ನಮ್ಮ ಕಡೆ "ಮನ್ಯಾಗ ಇನ್ನೊಂದು ಕೂಸೈತಿ, ಎಮ್ಮಿ ಐತಿ, ಯಾರ ನೋಡ್ತಾರ್ರೀ?" ಅಂತ ಕೂತುಬಿಡುತ್ತಾರೆ. ಅದಕ್ಕೆ ದಾರಿ ಹುಡುಕೋದೇ ನಿಜವಾದ ಕೆಲಸ.

ಇನ್ನೊಂದು, ನಂಬರ್ ಬರೆದುಕೊಟ್ಟು ಕಳಿಸಬೇಡಿ. ಆಕೆಯ ಎದುರಿಗೇ ಅಂಗನವಾಡಿ ಟೀಚರ್‌ಗೆ ಫೋನ್ ಹಚ್ಚಿ.

ಇಬ್ಬರ ತಾಯಿ, ಬೆಳಗಾವಿ
ಒಂದು ಕಡೆ ನನ್ನನ್ನು ಪಾಳಿಯಲ್ಲಿ ನಿಲ್ಲಿಸಿ ಎಲ್ಲರ ಮುಂದೆ "ಗಂಡ ಕುಡೀತಾನೇನು?" ಅಂತ ಕೇಳಿದ್ದರು. ಮತ್ತೆ ಆ ಬಾಗಿಲಿಗೆ ಹೋಗಲಿಲ್ಲ. ಕೇಳಿ, ಆದರೆ ಅತ್ತೆ ಹೊರಗಿದ್ದಾಗ ಕೇಳಿ ಸಿಸ್ಟರ್. ಹೇಳಿದ್ದನ್ನೆಲ್ಲ ಮಗುವಿನ ಫೈಲಿನಲ್ಲಿ ಬರೆಯಬೇಡಿ. ಆ ಫೈಲು ಮನೆಮಂದಿಯೆಲ್ಲ ಓದುತ್ತಾರೆ.

ತಕ್ಕಡಿ ಅಕ್ಕ
ತೋಳು 12.1 ಬಂತು. ಸ್ವಲ್ಪ ಉಸಿರು ಬಿಟ್ಟೆ, ಆದರೂ ಅಳತೆ ಪಟ್ಟಿಯ ಹಳದಿ ಭಾಗದಲ್ಲೇ ಇದೆ, ಅಂದರೆ ತೀವ್ರವಲ್ಲದಿದ್ದರೂ ಅಪೌಷ್ಟಿಕತೆ ಇದೆ. ಅಂಗನವಾಡಿಗೆ ಫೋನ್ ಮಾಡಿದೆ. ಮಗುವಿನ ಹೆಸರು ಅಲ್ಲಿದೆ, ಮನೆಗೆ ಕೊಡುವ ಆಹಾರವನ್ನು ಅತ್ತೆ ತರುತ್ತಿದ್ದಾರೆ. ಅದು ಇಡೀ ಮನೆಗೆ ಹಂಚಿಹೋಗುತ್ತಿದೆ. ಯಾರನ್ನ ಬಯ್ಯೋದು? ರೇಷನ್ ಕಾರ್ಡಿಗೆ ಹೆಸರು ಸೇರಿಸಲು ಜನನ ಪ್ರಮಾಣಪತ್ರ ಬೇಕು. ಕಬ್ಬು ಕಡಿಯಲು ಹೋದಾಗ ಸಾಂಗ್ಲಿ ಕಡೆ ಹೆರಿಗೆ ಆಗಿದೆಯಂತೆ. ಮಹಾರಾಷ್ಟ್ರದಿಂದ ಅದನ್ನು ತರಿಸಿಕೊಂಡವರು ಯಾರಾದರೂ ಇದ್ದೀರಾ?